ಬಯಲಲ್ಲಿ ಸಾಲಾಗಿ ನಿಂತು ಗುಂಡು ತಿನ್ನುವುದು ಹುಚ್ಚುತನವೇ?

ಪ್ರಶ್ನೆ: ನೆಪೋಲಿಯನ್ ಕಾಲದ ಯುದ್ಧದ ಚಿತ್ರಗಳನ್ನು ನೋಡಿದಾಗೆಲ್ಲ ಒಂದು ಅನುಮಾನ ಬರುತ್ತದೆ. ಮರದ ಹಿಂದೆಯೋ ಗೋಡೆಯ ಹಿಂದೆಯೋ ಅವಿತು ಹೊಡೆಯುವುದು ಬಿಟ್ಟು, ಬಣ್ಣದ ಕೋಟು ಹಾಕಿಕೊಂಡು ಬಯಲಲ್ಲಿ ಸಾಲಾಗಿ ಯಾಕೆ ನಿಲ್ಲುತ್ತಿದ್ದರು? ಇನ್ನೊಂದು ಪ್ರಶ್ನೆ. ಫ್ರೆಂಚರ ಕೈಯಲ್ಲಿದ್ದದ್ದು ನೂರು ವರ್ಷ ಹೆಚ್ಚುಕಡಿಮೆ ಒಂದೇ ಥರದ ಬಂದೂಕು. ಹಾಗಿದ್ದರೆ ರಾಸ್‌ಬಾಖ್‌ನಲ್ಲಿ ಮಾನ ಕಳೆದುಕೊಂಡವರು ಆಸ್ಟರ್‌ಲಿಟ್ಜ್‌ನಲ್ಲಿ ಗೆದ್ದದ್ದು, ಮತ್ತೆ ವಾಟರ್‌ಲೂನಲ್ಲಿ ಸೋತದ್ದು ಹೇಗೆ? (ಒಬ್ಬ ಓದುಗರು, ಸಕಲೇಶಪುರ)

ಉತ್ತರ: ನಿಮ್ಮ ಊರು ಸಕಲೇಶಪುರ ಅಂತ ನೋಡಿ ನನ್ನ ಅರ್ಧ ಕೆಲಸ ಹಗುರಾಯಿತು. ನಿಮ್ಮ ಕಡೆ ಕೇಪಿನ ಕೋವಿ ಹಿಡಿದ ಹಿರಿಯರು ಈಗಲೂ ಸಿಗುತ್ತಾರೆ. ಅವರನ್ನು ಕೇಳಿ ನೋಡಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿದು, ಕೇಪು ಕೂರಿಸಿ ತಲೆ ಎತ್ತುವಷ್ಟರಲ್ಲಿ ಹಂದಿ ಗದ್ದೆ ದಾಟಿ ಕಾಡು ಸೇರಿರುತ್ತದೆ. ನೀವು ಕೇಳಿದ ಆ ಕಾಲದ ಬಂದೂಕು, ಅಂದರೆ ಮಸ್ಕೆಟ್, ಈ ಕೋವಿಯ ಅಜ್ಜ. ಕೇಪಿನ ಬದಲು ಚಕಮಕಿ ಕಲ್ಲು ಇರುತ್ತಿತ್ತು, ಅಷ್ಟೇ.

ಫ್ರೆಂಚ್ ಸಿಪಾಯಿಯ ಹತ್ತಿರ ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿದ ತೋಟೆಗಳು ಇರುತ್ತಿದ್ದವು. ಒಂದನ್ನು ತೆಗೆದು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚೂರು ಮದ್ದನ್ನು ಚಕಮಕಿಯ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಬೇಕು. ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡನ್ನೂ ಕಾಗದವನ್ನೂ ತುರುಕಿ, ಸಲಾಕೆ ಎಳೆದು ಜಡಿಯಬೇಕು. ಸಲಾಕೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಬೇಕು. ಆಮೇಲೆ ಬಂದೂಕಿನ ಕುದುರೆ (ಚಕಮಕಿ ಕಲ್ಲು ಕಚ್ಚಿದ ಕೊಕ್ಕೆ) ಎಳೆದು ಹೊಡೆಯಬೇಕು. ಚೆನ್ನಾಗಿ ಪಳಗಿದವನಿಗೆ ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು ಗುಂಡು. ಅಂದರೆ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತರಿಂದ ಮೂವತ್ತು ಸೆಕೆಂಡು. ಅಷ್ಟು ಹೊತ್ತು ಅವನ ಕೈಯಲ್ಲಿರುವುದು ಬಂದೂಕಲ್ಲ, ನಾಲ್ಕೂವರೆ ಕೆ.ಜಿ. ತೂಕದ ದೊಣ್ಣೆ. ಈ ಇಪ್ಪತ್ತು ಸೆಕೆಂಡನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಎರಡು ಪ್ರಶ್ನೆಗಳೂ ಅದರ ಸುತ್ತಲೇ ತಿರುಗುತ್ತವೆ.

ಗುರಿಯ ವಿಚಾರವೂ ಅಷ್ಟಕ್ಕಷ್ಟೇ. ನೆಪೋಲಿಯನ್‌ನ ಸಿಪಾಯಿಗಳು ಹೊತ್ತದ್ದು ಮುಖ್ಯವಾಗಿ 1777ರ ಮಾದರಿಯ ಮಸ್ಕೆಟ್, ಸಣ್ಣಪುಟ್ಟ ತಿದ್ದುಪಡಿಯೊಂದಿಗೆ. ಅದರ ನಳಿಗೆಯ ಒಳಗಲ 17.5 ಮಿಲಿಮೀಟರ್. ಗುಂಡು ಅದಕ್ಕಿಂತ ಸುಮಾರು ಒಂದು ಮಿಲಿಮೀಟರ್ ಸಣ್ಣದು. ಬೇಕೆಂದೇ ಹಾಗೆ ಮಾಡುತ್ತಿದ್ದರು. ಹತ್ತಿಪ್ಪತ್ತು ಸಲ ಹೊಡೆದ ಮೇಲೆ ನಳಿಗೆಯೊಳಗೆ ಮಸಿ ಕಟ್ಟುತ್ತದೆ, ಬಿಗಿಯಾದ ಗುಂಡು ಇಳಿಯುವುದೇ ಇಲ್ಲ. ಸಡಿಲ ಗುಂಡು ಒಳಗೆ ಅತ್ತಿತ್ತ ಬಡಿದುಕೊಂಡು ಹೊರಗೆ ಬರುತ್ತದೆ. ಕೊನೆಯಲ್ಲಿ ಯಾವ ಕಡೆ ಬಡಿಯಿತೋ ಅದಕ್ಕೆ ತಕ್ಕ ಹಾಗೆ ಹೋಗುತ್ತದೆ. ನೂರು ಮೀಟರ್ ದಾಟಿದರೆ ಒಬ್ಬ ಮನುಷ್ಯನಿಗೆ ಗುಂಡು ತಾಗುವುದು ಅದೃಷ್ಟದ ಮಾತು.

ಈಗ ಕುದುರೆ ಲೆಕ್ಕ ಹಾಕಿ. ನಾಗಾಲೋಟದ ಕುದುರೆ ಇಪ್ಪತ್ತು ಸೆಕೆಂಡಿನಲ್ಲಿ ಸುಲಭವಾಗಿ ನೂರೈವತ್ತು ಮೀಟರ್ ಓಡುತ್ತದೆ. ನಿಮ್ಮ ಗುಂಡಿಗೆ ಬೆಲೆ ಇರುವುದೇ ನೂರು ಮೀಟರಿನೊಳಗೆ. ಹಾಗಾಗಿ ಸವಾರ ಬಂದು ಕತ್ತಿ ಬೀಸುವ ಮುಂಚೆ ನಿಮಗೆ ಸಿಗುವುದು ಒಂದೇ ಒಂದು ಏಟು. ಅದು ತಪ್ಪಿದರೆ ಬಯಲಲ್ಲಿ ಒಬ್ಬನೇ ನಿಂತವನ ಕತೆ ಮುಗಿಯಿತು. ಆದರೆ ಐನೂರು ಜನ ಭುಜಕ್ಕೆ ಭುಜ ತಾಗಿಸಿ ನಿಂತು ಒಟ್ಟಿಗೆ ಹೊಡೆದರೆ ಗುರಿಯ ಗೊಡವೆಯೇ ಬೇಡ. ಎದುರಿಗೆ ಬಂದದ್ದರಲ್ಲಿ ಯಾವುದೋ ಒಂದಕ್ಕೆ ತಾಗೇ ತಾಗುತ್ತದೆ. ಮತ್ತೆ ತುಂಬಿಕೊಳ್ಳುವಾಗ ಪಕ್ಕದವನ ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿ, ನಿಮ್ಮನ್ನು ಕಾಯುತ್ತದೆ. ಬಯೊನೆಟ್ ಬರುವ ಮುಂಚೆ ಈ ಕಾವಲಿಗೆಂದೇ ಉದ್ದ ಭರ್ಜಿ ಹಿಡಿದ ಬೇರೆ ಸಿಪಾಯಿಗಳು ಇರುತ್ತಿದ್ದರು. 1703ರ ಹೊತ್ತಿಗೆ ಫ್ರೆಂಚರು ಆ ಭರ್ಜಿಗಳನ್ನು ಪೂರ್ತಿ ಕೈಬಿಟ್ಟರು. ನಳಿಗೆಯ ತುದಿಗೆ ಬಳೆಯಂತೆ ಸಿಕ್ಕಿಸುವ ಬಯೊನೆಟ್ ಬಂದಿತ್ತು. ಅದು ಸಿಕ್ಕಿಸಿದ್ದರೂ ಗುಂಡು ಹೊಡೆಯಬಹುದಿತ್ತು.

ಮರದ ಹಿಂದೆ ಅವಿತು ಹೊಡೆಯುವವರು ಇರಲಿಲ್ಲ ಅಂತಲ್ಲ. ಸಾಲಿಗಿಂತ ಮುಂದೆ ಚದುರಿಕೊಂಡು ಎದುರಾಳಿಯನ್ನು ಕೆಣಕುವ ಹಗುರ ತುಕಡಿಗಳು ಫ್ರೆಂಚರಲ್ಲಿ ಬೇಕಾದಷ್ಟು ಇದ್ದವು. 1789ರ ಫ್ರೆಂಚ್ ಕ್ರಾಂತಿಯ ಕಾಲದಿಂದ ಆಚೆಗೆ ಇನ್ನೂ ಜಾಸ್ತಿ. ಆದರೆ ಅವರಿಗೂ ಹಿಂದೆ ಓಡಿಹೋಗಿ ಸೇರಿಕೊಳ್ಳಲು ಒಂದು ಸಾಲು ಬೇಕಿತ್ತು. ಇನ್ನು ಬಣ್ಣದ ಕೋಟು. ಹತ್ತು ನಿಮಿಷ ಗುಂಡು ಹಾರಿದರೆ ಮೈದಾನದ ತುಂಬ ಬಿಳಿ ಹೊಗೆ. ನಮ್ಮವರು ಯಾರು, ಅವರು ಯಾರು ಅಂತ ತಿಳಿಯಬೇಕಲ್ವಾ?

ಈಗ ಯುದ್ಧಗಳಿಗೆ ಬರೋಣ. ಎಲ್ಲವನ್ನೂ ಹೇಳುತ್ತಾ ಕೂತರೆ ಬೆಳಗಾಗುತ್ತದೆ. ನಿಮ್ಮ ಪ್ರಶ್ನೆಗೆ ಬೇಕಾದವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲು ಫಾಂತನ್ವಾ. ಈಗಿನ ಬೆಲ್ಜಿಯಂನ ತುರ್ನೆ ಊರಿನ ಹತ್ತಿರ, 1745ರ ಮೇ 11. ಫ್ರೆಂಚ್ ಸೇನಾಪತಿ ಮಾರ್ಷಲ್ ಸ್ಯಾಕ್ಸ್‌ಗೆ ಮೈಯಲ್ಲಿ ನೀರು ತುಂಬುವ ಕಾಯಿಲೆ. ಕುದುರೆ ಏರಲಾರದೆ ಬೆತ್ತದ ಗಾಡಿಯಲ್ಲಿ ಕೂತು ಯುದ್ಧ ನಡೆಸಿದ. ರಾಜ 15ನೇ ಲೂಯಿ ಮಗನನ್ನು ಕರೆದುಕೊಂಡು ನೋಡಲು ಬಂದಿದ್ದ. ಎದುರಿಗೆ ಇಂಗ್ಲಿಷರು, ಜರ್ಮನಿಯ ಹ್ಯಾನೋವರ್‌ನವರು, ಡಚ್ಚರು. ಅವರ ನಾಯಕ ಡ್ಯೂಕ್ ಆಫ್ ಕಂಬರ್‌ಲೆಂಡ್, ಇಪ್ಪತ್ತೈದೂ ತುಂಬದ ಹುಡುಗ. ಇಂಗ್ಲಿಷ್ ಮತ್ತು ಹ್ಯಾನೋವರ್ ಕಾಲಾಳುಗಳು ಎರಡೂ ಪಕ್ಕದಿಂದ ಫಿರಂಗಿ ಏಟು ತಿನ್ನುತ್ತಲೇ ಊರಿಗೂ ಕಾಡಿಗೂ ನಡುವಿನ ಇಳಿಜಾರು ಹತ್ತಿ ಬಂದು, ಫ್ರೆಂಚ್ ರಾಜನ ಕಾವಲು ಪಡೆಗೆ ಮುಖಾಮುಖಿ ನಿಂತರು.

ಇಲ್ಲಿ ಒಂದು ಕತೆ ಇದೆ. ಇಬ್ಬರ ಕಡೆಯ ಅಧಿಕಾರಿಗಳೂ ಟೋಪಿ ತೆಗೆದು ನಮಸ್ಕಾರ ಮಾಡಿ, ‘ಮೊದಲು ನೀವು ಹೊಡೆಯಿರಿ’, ‘ಇಲ್ಲ ಇಲ್ಲ, ನೀವೇ’ ಅಂದರಂತೆ. ಫ್ರೆಂಚ್ ಲೇಖಕ ವಾಲ್ಟೇರ್ ಬರೆದ ಮೇಲೆ ಇದು ಊರೆಲ್ಲ ಹಬ್ಬಿತು. ಆ ಇಂಗ್ಲಿಷ್ ಅಧಿಕಾರಿ ಲಾರ್ಡ್ ಚಾರ್ಲ್ಸ್ ಹೇ ಮನೆಗೆ ಬರೆದ ಪತ್ರದಲ್ಲಿ ಮಾತ್ರ ಬೇರೆಯೇ ಇದೆ. ಎದುರಿನವರಿಗೆ ಕಾಣುವ ಹಾಗೆ ತಾನು ಒಂದು ಗುಟುಕು ಕುಡಿದು, ಎರಡು ವರ್ಷದ ಹಿಂದೆ ಡೆಟ್ಟಿಂಗನ್ ಯುದ್ಧದಲ್ಲಿ ನದಿಗೆ ಹಾರಿ ಓಡಿದಂತೆ ಈ ಸಲ ಓಡಬೇಡಿ ಎಂದು ಅವರನ್ನು ಹಂಗಿಸಿದೆ ಎನ್ನುತ್ತಾನೆ. ನನಗೆ ಪತ್ರದ ಮಾತೇ ಜಾಸ್ತಿ ನಂಬಿಕೆಗೆ ಅರ್ಹ ಅನ್ನಿಸುತ್ತದೆ.

ಕತೆ ಏನೇ ಇರಲಿ, ‘ಮೊದಲು ನೀವು’ ಅನ್ನುವುದರಲ್ಲಿ ಮರ್ಯಾದೆಗಿಂತ ಲೆಕ್ಕಾಚಾರ ಇದೆ. ಮೊದಲು ಹೊಡೆದವನ ಬಂದೂಕು ಇಪ್ಪತ್ತು ಸೆಕೆಂಡು ಖಾಲಿ. ಹೊಡೆಯದೆ ತಡೆದುಕೊಂಡವನು ಅಷ್ಟರಲ್ಲಿ ಇನ್ನೂ ನಲವತ್ತು ಹೆಜ್ಜೆ ಹತ್ತಿರ ಬಂದು, ತಪ್ಪಲಾಗದಷ್ಟು ದೂರದಿಂದ ಹೊಡೆಯಬಹುದು. ಇನ್ನೊಂದು ವಿಷಯ. ಮೊದಲ ಗುಂಡು ಬೆಳಗ್ಗೆ ಸಾವಧಾನವಾಗಿ ತುಂಬಿದ ಗುಂಡು. ಕಲ್ಲು ಹೊಸದು, ನಳಿಗೆ ಶುದ್ಧ, ಕಣ್ಣಿಗೆ ಹೊಗೆ ಇಲ್ಲ. ಅಂಥದ್ದು ಇಡೀ ದಿನದಲ್ಲಿ ಮತ್ತೆ ಸಿಗುವುದಿಲ್ಲ. ಅದನ್ನು ಹಾಳುಮಾಡಬಾರದು.

ಇಂಗ್ಲಿಷರ ಆ ಒಂದು ಏಟಿಗೆ ಫ್ರೆಂಚ್ ಕಾವಲು ಪಡೆಯ ಮುಂದಿನ ಸಾಲೇ ಉರುಳಿತು. ಅವರು ಫ್ರೆಂಚ್ ಪಾಳೆಯದೊಳಗೆ ನುಗ್ಗಿಬಿಟ್ಟರು. ಸ್ಯಾಕ್ಸ್‌ನ ಪ್ರತಿದಾಳಿಗಳು ಒಂದೊಂದಾಗಿ ಹೋಗಿ ಒಂದೊಂದಾಗಿ ಮುರಿದವು. ಕೊನೆಗೆ ಅವನು ಫಿರಂಗಿ, ಕುದುರೆ, ಫ್ರೆಂಚರ ಸಂಬಳಕ್ಕಿದ್ದ ಐರಿಷ್ ಪಡೆ ಎಲ್ಲವನ್ನೂ ಒಟ್ಟಿಗೆ ಮೇಲೆ ಬಿಟ್ಟ. ಆಗಷ್ಟೇ ಆ ಗುಂಪು ಹಿಂದೆ ಸರಿದದ್ದು. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು 15 ಸಾವಿರಕ್ಕೂ ಹೆಚ್ಚು. ಒಟ್ಟಿಗೆ ಬಿಟ್ಟ ಅಂದೆನಲ್ಲ, ಆ ಮಾತನ್ನೂ ಇಟ್ಟುಕೊಳ್ಳಿ. ವಾಟರ್‌ಲೂನಲ್ಲಿ ಬೇಕಾಗುತ್ತದೆ.

ಹನ್ನೆರಡು ವರ್ಷ ಬಿಟ್ಟು ರಾಸ್‌ಬಾಖ್. 1757ರ ನವೆಂಬರ್ 5. ಫ್ರೆಂಚರು ಮತ್ತು ಅವರ ಜರ್ಮನ್ ಜೊತೆಗಾರರು ಸುಮಾರು 41 ಸಾವಿರ. ಎದುರಿಗೆ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ದೊರೆ ಫ್ರೆಡರಿಕ್, 22 ಸಾವಿರ ಜನ. ಫ್ರೆಂಚ್ ನಾಯಕ ಸುಬೀಸ್ ಮತ್ತು ಅವನ ಜೊತೆಗಾರ ಹಿಲ್ಡ್‌ಬುರ್ಗ್‌ಹೌಸನ್ ಸೇರಿ ಫ್ರೆಡರಿಕ್‌ನ ಎಡಗಡೆಯಿಂದ ಸುತ್ತು ಹಾಕಿ ಹಿಂದಿನಿಂದ ಬೀಳೋಣ ಅಂದುಕೊಂಡರು. ದಂಡು ಉದ್ದಕ್ಕೆ, ಮೆರವಣಿಗೆಯ ಹಾಗೆ ಹೊರಟಿತು. ಫ್ರೆಡರಿಕ್ ಅದನ್ನು ಕಂಡು ತನ್ನ ಜನರನ್ನು ಒಂದು ದಿಣ್ಣೆಯ ಮರೆಯಲ್ಲಿ ಅಷ್ಟೇ ವೇಗವಾಗಿ ನಡೆಸಿದ. ಅವನ ಸೇನಾನಿ ಸೈಡ್‌ಲಿಟ್ಜ್‌ನ ಕುದುರೆ ದಳ ದಿಣ್ಣೆ ದಾಟಿ ಮೆರವಣಿಗೆಯ ತಲೆಗೇ ಬಡಿಯಿತು.

ನಡೆಯುತ್ತಿರುವ ದಂಡು ಹೊಡೆಯಲಾರದು. ಉದ್ದಕ್ಕೆ ಇದ್ದವರು ಅಡ್ಡಕ್ಕೆ ಹರಡಿ ಸಾಲು ಕಟ್ಟಬೇಕು. ಅದಕ್ಕೆ ಇಪ್ಪತ್ತು ಸೆಕೆಂಡಲ್ಲ, ಇಪ್ಪತ್ತು ನಿಮಿಷವೇ ಬೇಕಾದೀತು. ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿದಿತ್ತು. ಫ್ರೆಂಚರ ಕಡೆ ಸೆರೆಯೂ ಸೇರಿ ಸುಮಾರು ಹತ್ತು ಸಾವಿರ ನಷ್ಟ. ಪ್ರಷ್ಯಾಕ್ಕೆ ಐನೂರ ಚಿಲ್ಲರೆ. ಪ್ರಷ್ಯಾದ ಕಾಲಾಳುಗಳಲ್ಲಿ ಬಹುಪಾಲು ಜನ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಇದನ್ನೇ ನೀವು ‘ಮಾನ ಕಳೆದುಕೊಂಡರು’ ಅಂದದ್ದು. ಸರಿಯಾಗೇ ಅಂದಿದ್ದೀರಿ.

ಆದರೆ ಫ್ರೆಂಚ್ ಸೇನೆಯ ಭಾಗ್ಯ ತೆರೆದದ್ದು ಆ ಸೋಲಿನಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಮೂವತ್ತು ವರ್ಷ ಅಲ್ಲಿನ ಅಧಿಕಾರಿಗಳು ಜಗಳ ಆಡಿಕೊಂಡೇ ಕಳೆದರು. ಅಗಲ ಸಾಲು ಒಳ್ಳೆಯದೋ, ಉದ್ದ ಗುಂಪು ಒಳ್ಳೆಯದೋ? ಗಿಬೇರ್ ಎಂಬ ಅಧಿಕಾರಿ ಹೇಳಿದ್ದು ಸರಳ. ನಡೆಯುವಾಗ ಉದ್ದಕ್ಕೆ ಇರಿ, ಹೊಡೆಯುವಾಗ ಅಗಲಕ್ಕೆ ಹರಡಿ, ಒಂದರಿಂದ ಇನ್ನೊಂದಕ್ಕೆ ಬೇಗ ಬದಲಾಗುವುದನ್ನು ಕಲಿಯಿರಿ. ಗ್ರಿಬೊವಾಲ್ ಎಂಬಾತ 1765ರಿಂದ ಫಿರಂಗಿಗಳನ್ನು ಹಗುರ ಮಾಡಿಸಿದ. ಯುದ್ಧದ ನಡುವೆಯೇ ಅವನ್ನು ಎಳೆದಾಡುವುದು ಸುಲಭವಾಯಿತು. ಬಂದೂಕು ಬದಲಾಗಲಿಲ್ಲ. ಅದನ್ನು ಹಿಡಿದವರ ಕಾಲು ಚುರುಕಾಯಿತು.

ನಡುವೆ ಕ್ರಾಂತಿ ಬಂತು. 1792ರ ಸೆಪ್ಟೆಂಬರ್ 20ರ ವಾಲ್ಮಿಯನ್ನು ಎಲ್ಲರೂ ದೊಡ್ಡ ಯುದ್ಧ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಮಸ್ಕೆಟ್‌ಗಳಿಗೆ ಅಲ್ಲಿ ಹೆಚ್ಚು ಕೆಲಸವೇ ಇರಲಿಲ್ಲ. ಎರಡೂ ಕಡೆಯ ಫಿರಂಗಿಗಳು ಸೇರಿ ಸುಮಾರು 20 ಸಾವಿರ ಗುಂಡು ಹಾರಿಸಿದವು. ಮಳೆಗೆ ನೆನೆದ ಮಣ್ಣು ಬಹಳಷ್ಟನ್ನು ನುಂಗಿತು. ಸತ್ತವರು, ಗಾಯಗೊಂಡವರು ಎಲ್ಲ ಸೇರಿ ಐನೂರರ ಆಸುಪಾಸು. ಪ್ರಷ್ಯಾದ ದಂಡು ಆಗಲೇ ಭೇದಿಯಿಂದ ನರಳುತ್ತಿತ್ತು. ಫ್ರೆಂಚ್ ಸೇನಾನಿ ಕೆಲ್ಲರ್‌ಮಾನ್ ಟೋಪಿಯನ್ನು ಕತ್ತಿಯ ತುದಿಗೆ ಸಿಕ್ಕಿಸಿ ಮೇಲೆತ್ತಿದ, ಅವನ ಜನ ಕದಲಲಿಲ್ಲ, ಪ್ರಷ್ಯಾದವರು ಹಿಂದಿರುಗಿದರು. ಮರುದಿನ ಪ್ಯಾರಿಸ್‌ನಲ್ಲಿ ರಾಜತ್ವವನ್ನೇ ರದ್ದುಮಾಡಿದರು.

ಈಗ ಆಸ್ಟರ್‌ಲಿಟ್ಜ್. 1805ರ ಡಿಸೆಂಬರ್ 2, ಈಗಿನ ಚೆಕ್ ದೇಶದ ಬರ್ನೋ ಪಟ್ಟಣದ ಹತ್ತಿರ. ನೆಪೋಲಿಯನ್ ಚಕ್ರವರ್ತಿಯಾಗಿ ಕಿರೀಟ ಇಟ್ಟುಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ. ಅವನ ಹತ್ತಿರ ಸುಮಾರು 73 ಸಾವಿರ ಜನ. ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಸುಮಾರು 85 ಸಾವಿರ, ಇಬ್ಬರು ಚಕ್ರವರ್ತಿಗಳೂ ಖುದ್ದಾಗಿ ಹಾಜರು. ನಡುವೆ ಪ್ರಾಟ್ಜೆನ್ ಎಂಬ ದಿಬ್ಬ. ಒಳ್ಳೇ ಜಾಗ. ಅದನ್ನು ನೆಪೋಲಿಯನ್ ಬೇಕೆಂದೇ ಬಿಟ್ಟುಕೊಟ್ಟ. ತನ್ನ ಬಲಗಡೆ ಜನ ಕಡಿಮೆ ಇದ್ದಾರೆ ಎಂದು ಎದುರಾಳಿಗೆ ಕಾಣುವ ಹಾಗೆ ನಿಲ್ಲಿಸಿದ. ಹೆದರಿ ಸಂಧಿಗೆ ಬಂದವನಂತೆ ಮಾತನ್ನೂ ಆಡಿದ.

ಅವರು ಬಲೆಗೆ ಬಿದ್ದರು. ಬೆಳಗಿನ ಮಂಜಿನಲ್ಲಿ ದಿಬ್ಬ ಇಳಿದು, ಉದ್ದುದ್ದ ಸಾಲುಗಳಲ್ಲಿ, ಫ್ರೆಂಚರ ಬಲಗಡೆಯಿಂದ ಸುತ್ತು ಹಾಕಲು ಹೊರಟರು. ಎಲ್ಲೋ ಕೇಳಿದ ಕತೆ ಅನ್ನಿಸುತ್ತಿದೆಯೇ? ರಾಸ್‌ಬಾಖ್‌ನಲ್ಲಿ ಫ್ರೆಂಚರು ಮಾಡಿದ ತಪ್ಪೇ ಅದು. ಬಲಗಡೆಯಲ್ಲಿ ಕಮ್ಮಿ ಇದ್ದ ಜನಕ್ಕೆ ಆಸರೆಯಾಗಿ ನೆಪೋಲಿಯನ್‌ನ ಸೇನಾನಿ ದಾವೂನ ತುಕಡಿಗಳು ವಿಯೆನ್ನಾ ಕಡೆಯಿಂದ ಎರಡು ದಿನದಲ್ಲಿ ಸುಮಾರು 110 ಕಿ.ಮೀ. ನಡೆದು ಬಂದಿದ್ದವು. ಡಿಸೆಂಬರ್ ಚಳಿ, ಬೆನ್ನ ಮೇಲೆ ಗಂಟು. ಬಂದವರು ಸುಧಾರಿಸಿಕೊಳ್ಳಲೂ ಪುರುಸೊತ್ತಿಲ್ಲದೆ ಕಾದಾಟಕ್ಕೆ ನಿಂತರು.

ಒಂಬತ್ತು ಗಂಟೆಯ ಹೊತ್ತಿಗೆ ದಿಬ್ಬ ಅರ್ಧ ಖಾಲಿಯಾಗಿತ್ತು. ಕೆಳಗೆ ಮಂಜಿನಲ್ಲಿ ಅಡಗಿದ್ದ ಇನ್ನೊಬ್ಬ ಫ್ರೆಂಚ್ ಸೇನಾನಿ ಸೂಲ್ಟ್‌ನ ಎರಡು ಡಿವಿಷನ್‌ಗಳು ಹತ್ತತೊಡಗಿದವು. ಅಷ್ಟರಲ್ಲಿ ಮಂಜು ಹರಿದು ಬಿಸಿಲು ಬಿತ್ತು. ಮೇಲಿದ್ದವರು ಕಂಡದ್ದು ಕಾಲಬುಡದಲ್ಲೇ ಸಾವಿರಾರು ಬಯೊನೆಟ್. ಹಾಗಂತ ಸುಮ್ನೆ ಬಿಟ್ಟುಕೊಡಲಿಲ್ಲ. ಎರಡು ಗಂಟೆ ಘೋರವಾಗಿ ಹೊಡೆದಾಡಿದರು. ಆದರೆ ಅವರ ಸೇನೆಯ ದೊಡ್ಡ ಪಾಲು ಕೆಳಗೆ, ಬೇರೆ ದಿಕ್ಕಿಗೆ ಮುಖ ಮಾಡಿತ್ತು. ದಿಬ್ಬ ಹೋದ ಮೇಲೆ ಸೇನೆ ಎರಡು ತುಂಡಾಯಿತು. ಅವರ ನಷ್ಟ ಸೆರೆಯೂ ಸೇರಿ ಸುಮಾರು 36 ಸಾವಿರ, ಫ್ರೆಂಚರದ್ದು ಸುಮಾರು 9 ಸಾವಿರ. ಓಡುವವರು ಹೆಪ್ಪುಗಟ್ಟಿದ ಕೆರೆಯಲ್ಲಿ ಸಾವಿರ ಸಾವಿರವಾಗಿ ಮುಳುಗಿದರು ಎಂದು ನೆಪೋಲಿಯನ್ ಹಬ್ಬಿಸಿದ್ದು ಶುದ್ಧ ಬುರುಡೆ. ಆಮೇಲೆ ಕೆರೆಯ ನೀರು ಬಸಿದಾಗ ಸಿಕ್ಕಿದ್ದು ಫಿರಂಗಿಗಳು, ಸತ್ತ ಕುದುರೆಗಳು. ಮನುಷ್ಯರ ಹೆಣ ಬೆರಳೆಣಿಕೆಯಷ್ಟು.

ಅಂದರೆ ಆಸ್ಟರ್‌ಲಿಟ್ಜ್ ಗೆದ್ದದ್ದು ಗುರಿಕಾರರಲ್ಲ. ನಡೆಯುವವರು ಗೆದ್ದರು. ಆ ಸೇನೆ ಅದಕ್ಕೆ ಮುಂಚೆ ಇಂಗ್ಲಿಷ್ ಕಾಲುವೆಯ ದಡದಲ್ಲಿ, ಬುಲೋನ್ ಸುತ್ತಮುತ್ತ ಎರಡು ವರ್ಷ ಪಾಳೆಯ ಹೂಡಿ ಕವಾಯತು ಮಾಡಿತ್ತು. ಉದ್ದದಿಂದ ಅಗಲಕ್ಕೆ, ಅಗಲದಿಂದ, ಕುದುರೆ ತಡೆಯಲು ನಾಲ್ಕೂ ಕಡೆ ಮುಖ ಮಾಡಿ ನಿಲ್ಲುವ ಚೌಕಕ್ಕೆ ಬದಲಾಗುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಮರುವರ್ಷ ಔಯರ್‌ಸ್ಟೆಟ್‌ನಲ್ಲಿ ಇದೇ ದಾವೂ ತನ್ನ ಎರಡರಷ್ಟಕ್ಕೂ ಮಿಕ್ಕಿದ ಪ್ರಷ್ಯಾ ಸೇನೆಯನ್ನು ಒಬ್ಬನೇ ಸೋಲಿಸಿದ್ದು ಇಂಥ ಜನರನ್ನು ಕಟ್ಟಿಕೊಂಡೇ.

ಅಂಥ ಸಿಪಾಯಿಗಳು ಮರದಲ್ಲಿ ಬೆಳೆಯುವುದಿಲ್ಲವಲ್ಲ. 1807ರ ಐಲಾವ್ ಯುದ್ಧದ ಹಿಮದಲ್ಲಿ ಒಂದಷ್ಟು ಜನ ಹೋದರು. 1809ರ ಹೊತ್ತಿಗೆ ಹೊಸ ಹುಡುಗರೇ ಜಾಸ್ತಿ. ಅವರಿಗೆ ನಾಜೂಕಿನ ಕವಾಯತು ಬರದು, ಹಾಗಾಗಿ ಒತ್ತಾಗಿ ದೊಡ್ಡ ಗುಂಪು ಕಟ್ಟಿ ಮುಂದೆ ದಬ್ಬುವುದು ಹೆಚ್ಚಾಯಿತು. ಆ ವರ್ಷ ವಾಗ್ರಾಮ್ ಯುದ್ಧದಲ್ಲಿ ಫ್ರೆಂಚ್ ಸೇನಾನಿ ಮಕ್‌ಡೊನಾಲ್ಡ್ ಸುಮಾರು 8 ಸಾವಿರ ಜನರನ್ನು ಹಾಗೆ ಒಂದೇ ಮುದ್ದೆಯಾಗಿ ನಡೆಸಿದ. ಗೆಲುವಿಗೆ ದಾರಿಯಾಯಿತು, ಆದರೆ ಮುದ್ದೆಯೇ ಕರಗಿಹೋಯಿತು. 1812ರ ಬೊರೊಡಿನೊದಲ್ಲಿ ಒಂದೇ ದಿನ ಎರಡೂ ಕಡೆ ಸೇರಿ 70 ಸಾವಿರ ಜನ ಬಿದ್ದರು.

ವಾಟರ್‌ಲೂ, 1815ರ ಜೂನ್ 18. ಈ ಸೇನೆಯಲ್ಲಿ ಹಳೇ ಸಿಪಾಯಿಗಳು ಬೇಕಾದಷ್ಟು ಇದ್ದರು. ‘ಹುಡುಗರ ಸೇನೆ, ಅದಕ್ಕೇ ಸೋತರು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎದುರಿಗಿದ್ದ ಇಂಗ್ಲಿಷ್ ಸೇನಾಪತಿ ವೆಲ್ಲಿಂಗ್ಟನ್ ನಮಗೆ ಹೊಸಬನಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿಗೆ ಕತ್ತಲಲ್ಲಿ ನುಗ್ಗಿ, ದಿಕ್ಕು ತಪ್ಪಿ, ಟಿಪ್ಪುವಿನ ಜನರಿಂದ ಹೊಡೆಸಿಕೊಂಡು ಹಿಂದೆ ಬಂದ ಆರ್ಥರ್ ವೆಲ್ಲೆಸ್ಲಿಯೇ ಈತ. ಹಗಲಲ್ಲಿ ನೆಲ ನೋಡದೆ ರಾತ್ರಿ ದಾಳಿಗೆ ಇಳಿಯುವುದಿಲ್ಲ ಎಂದು ಆಗಲೇ ಪತ್ರದಲ್ಲಿ ಬರೆದಿದ್ದ. ವಾಟರ್‌ಲೂನಲ್ಲಿ ಅವನು ಆರಿಸಿಕೊಂಡ ನೆಲ ನೋಡಿ. ಒಂದು ಉದ್ದ ದಿಣ್ಣೆ. ತನ್ನ ಜನರನ್ನು ಅದರ ಆಚೆ ಬದಿಯ ಇಳಿಜಾರಿನಲ್ಲಿ ನಿಲ್ಲಿಸಿದ. ಫ್ರೆಂಚರ ಕಣ್ಣಿಗೆ ಕಾಣುವುದಿಲ್ಲ, ಫಿರಂಗಿಗೂ ಸಿಗುವುದಿಲ್ಲ.

ಹಿಂದಿನ ರಾತ್ರಿಯ ಮಳೆಗೆ ನೆಲ ಕೆಸರಾಗಿತ್ತು. ಫಿರಂಗಿ ಎಳೆಯಲು ಆಗದೆ ನೆಪೋಲಿಯನ್ ಸುಮಾರು ಹನ್ನೊಂದೂವರೆವರೆಗೆ ಕಾದ. ಮಧ್ಯಾಹ್ನ ಅವನ ಸೇನಾನಿ ಡೆರ್ಲಾನ್ ತನ್ನ ಜನರನ್ನು ಆ ಹಳೇ ಮುದ್ದೆಯ ರೂಪದಲ್ಲೇ ಏರಿಸಿದ. ಅಗಲ ಕಮ್ಮಿ, ಆಳ ಇಪ್ಪತ್ತನಾಲ್ಕು ಸಾಲು. ಹಿಂದಿನ ಇಪ್ಪತ್ತು ಸಾಲು ಹೊಡೆಯುವ ಹಾಗೇ ಇಲ್ಲ, ಮುಂದಿರುವುದು ಅವರದೇ ಜನ! ದಿಣ್ಣೆ ಏರಿ ಅಗಲಕ್ಕೆ ಹರಡಲು ಒದ್ದಾಡುತ್ತಿರುವಾಗಲೇ ಇಂಗ್ಲಿಷ್ ಕುದುರೆಗಳು ಮೇಲೆ ಬಿದ್ದವು.

ನಾಲ್ಕು ಗಂಟೆಗೆ ಮಾರ್ಷಲ್ ನೇ ತನ್ನ ಕುದುರೆ ದಳ ಬಿಟ್ಟ. ಅಲೆ ಅಲೆಯಾಗಿ, ಕೊನೆಕೊನೆಗೆ ಸುಮಾರು 9 ಸಾವಿರ ಸವಾರರು. ಎದುರಿಗೆ ಕಾಲಾಳುಗಳು ಚೌಕ ಕಟ್ಟಿ ನಿಂತಿದ್ದರು. ಮುಂದಿನ ಸಾಲು ಮಂಡಿಯೂರಿ ಬಯೊನೆಟ್ ಮೇಲೆತ್ತಿ ಹಿಡಿದಿತ್ತು, ಹಿಂದಿನವರು ಹೊಡೆದರು. ಮನುಷ್ಯನಿಗೆ ಹುಚ್ಚು ಹಿಡಿದೀತು, ಕುದುರೆಗೆ ಹಿಡಿಯುವುದಿಲ್ಲ. ಬಯೊನೆಟ್ ಬೇಲಿಗೆ ಅದು ನುಗ್ಗದೆ ಪಕ್ಕಕ್ಕೆ ಸರಿಯುತ್ತದೆ. ಒಂದು ಚೌಕವೂ ಮುರಿಯಲಿಲ್ಲ.

ಚೌಕ ಒಡೆಯುವ ದಾರಿ ಫ್ರೆಂಚರಿಗೆ ಚೆನ್ನಾಗೇ ಗೊತ್ತಿತ್ತು. ಕುದುರೆ ಕಂಡರೆ ಎದುರಿನವರು ಒತ್ತಾಗುತ್ತಾರೆ. ಒತ್ತಾದ ಗುಂಪಿಗೆ ಹತ್ತಿರದಿಂದ ಫಿರಂಗಿ ಹೊಡೆಯಬೇಕು, ಕಾಲಾಳುಗಳನ್ನು ಬಿಡಬೇಕು. ಎಲ್ಲವನ್ನೂ ಒಟ್ಟಿಗೆ, ಫಾಂತನ್ವಾದಲ್ಲಿ ಬೆತ್ತದ ಗಾಡಿಯಲ್ಲಿ ಕೂತ ರೋಗಿ ಮಾಡಿದ ಹಾಗೆ. ನೇ ಅದನ್ನು ಮಾಡಲಿಲ್ಲ. ಸಂಜೆ ಫಿರಂಗಿಗಳು ಹತ್ತಿರ ಬಂದಾಗ ಚೌಕಗಳು ನಿಜವಾಗಿ ತತ್ತರಿಸಿದವು. ಆದರೆ ಅಷ್ಟರಲ್ಲಿ ವೆಲ್ಲಿಂಗ್ಟನ್‌ಗೆ ನೆರವಾಗಿ ಬ್ಲೂಖರ್‌ನ ಪ್ರಷ್ಯಾ ಸೇನೆ ಫ್ರೆಂಚರ ಬಲಗಡೆ ಬಂದು ಬಿದ್ದಿತ್ತು. ಏಳೂವರೆಗೆ ನೆಪೋಲಿಯನ್‌ನ ಖಾಸಾ ಪಡೆ ದಿಣ್ಣೆ ಏರಿತು. ಆಚೆ ಮಲಗಿ ಅಡಗಿದ್ದ ಇಂಗ್ಲಿಷರು ದಿಢೀರನೆ ಎದ್ದು, ತಡೆದಿಟ್ಟುಕೊಂಡಿದ್ದ ಗುಂಡನ್ನು ಮುಖಕ್ಕೇ ಹಾರಿಸಿದರು.

ನಿಮ್ಮ ಮೊದಲ ಪ್ರಶ್ನೆಗೆ ಇನ್ನೊಂದು ಮಾತು ಬಾಕಿ ಇದೆ. ನೀವು ಹೇಳುವ ಹಾಗೆ ಗೋಡೆ ಮರೆಯಲ್ಲಿ ನಿಂತು, ಗುರಿಯಿಟ್ಟು ಹೊಡೆದವರು ವಾಟರ್‌ಲೂನಲ್ಲೂ ಇದ್ದರು. ಇಂಗ್ಲಿಷ್ ಸಾಲಿನ ಮುಂದಿದ್ದ ಲಾ ಹೇ ಸೇಂತ್ ಎಂಬ ತೋಟದ ಮನೆಯಲ್ಲಿ ಇಂಗ್ಲಿಷರ ಪರ ಕಾದುತ್ತಿದ್ದ ಮೇಜರ್ ಬೇರಿಂಗ್‌ನ ಸುಮಾರು 400 ಜರ್ಮನ್ನರು. ಅವರ ಕೈಯಲ್ಲಿದ್ದದ್ದು ಮಸ್ಕೆಟ್ ಅಲ್ಲ, ಬೇಕರ್ ರೈಫಲ್. ನಳಿಗೆಯೊಳಗೆ ಗೀರು ಇರುವ, ದೂರಕ್ಕೆ ನೇರವಾಗಿ ಹೊಡೆಯುವ ಬಂದೂಕು. ತುಂಬಲು ಮಾತ್ರ ಇನ್ನೂ ನಿಧಾನ. ಅದೇ ಕಾರಣಕ್ಕೆ ನೆಪೋಲಿಯನ್ 1807ರಲ್ಲೇ ತನ್ನ ಸೇನೆಯಿಂದ ರೈಫಲ್‌ಗಳನ್ನು ತೆಗೆಸಿಹಾಕಿದ್ದ. ಹಿಂದಿನ ರಾತ್ರಿ ಚಳಿ ಕಾಯಿಸಲು ಆ ತೋಟದ ಮನೆಯ ಕೊಟ್ಟಿಗೆಯ ಬಾಗಿಲನ್ನೇ ಒಡೆದು ಸೌದೆ ಮಾಡಿದ್ದರು. ಆ ಬಾಗಿಲಿಲ್ಲದ ಕಂಡಿಯಲ್ಲಿ, ಬಿದ್ದ ಹೆಣಗಳನ್ನೇ ಅಡ್ಡ ಮಾಡಿಕೊಂಡು, ಮಧ್ಯೆ ಬಂದು ಸೇರಿದ ಬೇರೆ ತುಕಡಿಗಳೊಂದಿಗೆ ಬೇರಿಂಗ್‌ನ ಜನ ಸಂಜೆಯವರೆಗೂ ಫ್ರೆಂಚರನ್ನು ತಡೆದರು. ರೈಫಲ್‌ಗೆ ಬೇಕಾದ ತೋಟೆ ಬೇರೆ, ಮಸ್ಕೆಟ್‌ನದ್ದು ಆಗುತ್ತಿರಲಿಲ್ಲ. ಬೇರಿಂಗ್ ಮತ್ತೆ ಮತ್ತೆ ಹೇಳಿಕಳಿಸಿದ, ತೋಟೆ ಬರಲಿಲ್ಲ. ಆರು ಗಂಟೆಯ ಸುಮಾರಿಗೆ ಫ್ರೆಂಚರು ಸೂರು ಹತ್ತಿ ಒಳಗಿಳಿದಾಗ ಒಳಗಿದ್ದವರ ಕೈಯಲ್ಲಿ ಹೊಡೆಯಲು ಏನೂ ಇರಲಿಲ್ಲ. ಬೇರಿಂಗ್ ಜೊತೆ ಜೀವಸಹಿತ ಹೊರಗೆ ಬಂದವರು ಸುಮಾರು ನಲವತ್ತು ಜನ.